ಟೋ ಸೈಡ್ ಭಯ ಬಿಡುವವರೆಗೆ

ಸಿಯಾಟಲ್‌ನಿಂದ ಒಂದು ಗಂಟೆ ದೂರದ ಸ್ನೋಕ್ವಾಲ್ಮಿ ಪಾಸ್‌ನಲ್ಲಿ ಹಿಮ ಬೀಳುವಾಗಲೇ ತೇವ, ಭಾರ. ಅಲ್ಲಿಯವರು ಅದಕ್ಕಿಟ್ಟ ಹೆಸರು ಕ್ಯಾಸ್ಕೇಡ್ ಕಾಂಕ್ರೀಟ್. ರಾತ್ರಿ ದೀಪದ ಹೊತ್ತಿಗೆ ಅದೇ ಹೆಪ್ಪುಗಟ್ಟಿ ಗಾಜಾಗುತ್ತದೆ. 38ನೇ ವಯಸ್ಸಿಗೆ ಸ್ನೋಬೋರ್ಡ್ ಹತ್ತಿದ ನಾನು ಎರಡು ಚಳಿಗಾಲ ಬರೀ ಹೀಲ್ ಸೈಡ್‌ನಲ್ಲೇ, ಅಂದರೆ ಹಿಮ್ಮಡಿ ಬದಿಯ ಅಂಚಿನ ಮೇಲೇ, ಇಳಿದೆ. ಟೋ ಸೈಡ್, ಅಂದರೆ ಕಾಲ್ಬೆರಳ ಬದಿಯ ಅಂಚಿನ ಮೇಲೆ ಬೆಟ್ಟಕ್ಕೆ ಮುಖ ಮಾಡಿ, ಇಳಿಜಾರಿಗೆ ಬೆನ್ನು ಕೊಡುವುದೆಂದರೆ ಜೀವ ಬಾಯಿಗೆ ಬರುತ್ತಿತ್ತು.

ತಪ್ಪು ಎಲ್ಲಿತ್ತೆಂದರೆ, ನಾನು ತುದಿಗಾಲಲ್ಲಿ ನಿಲ್ಲುತ್ತಿದ್ದೆ. ಹತ್ತು ನಿಮಿಷಕ್ಕೆ ಮೀನಖಂಡ ಉರಿಯುತ್ತಿತ್ತು. ಹಿಮ ನೋಡಲು ಸೊಂಟ ಬಗ್ಗಿಸಿದರೆ ಹಿಂಬದಿ ಇಳಿಜಾರಿನ ಕಡೆ ಚಾಚಿಕೊಳ್ಳುತ್ತದೆ, ಅಂಚಿನ ಹಿಡಿತ ತಪ್ಪುತ್ತದೆ. ಬದಲಿಗೆ ಮೊಣಕಾಲು ಮಡಿಸಿ, ಮೊಣಕಾಲ ಕೆಳಗಿನ ಮುಂಭಾಗವನ್ನು ಬೂಟಿನ ನಾಲಿಗೆಗೆ ಒತ್ತಿ, ಸೊಂಟವನ್ನು ಬೆಟ್ಟದ ಕಡೆ ತಳ್ಳಿ. ಕಣ್ಣು ಕಾಲಿನ ಮೇಲೆ ಬೇಡ, ಹೋಗುವ ದಿಕ್ಕಿನ ಮೇಲಿರಲಿ.

ಮೊದಲು ಸುಲಭದ ಇಳಿಜಾರಿನಲ್ಲಿ ಅಡ್ಡ ನಿಂತು ಜಾರಿ. ಬೋರ್ಡನ್ನು ಸ್ವಲ್ಪ ಸಮ ಮಾಡಿದರೆ ಜಾರುತ್ತದೆ, ಓರೆ ಮಾಡಿದರೆ ನಿಲ್ಲುತ್ತದೆ. ಎರಡಡಿ ಜಾರಿ ನಿಲ್ಲಿ, ಮತ್ತೆ ಎರಡಡಿ. ಪೂರ್ತಿ ಚಪ್ಪಟೆ ಮಾತ್ರ ಮಾಡಬೇಡಿ: ಅಡ್ಡ ಜಾರುವಾಗ ಕೆಳಬದಿಯ ಅಂಚು ಹಿಮಕ್ಕೆ ಸಿಕ್ಕಿಕೊಂಡರೆ ಬಡಿದೇ ಬೀಳುತ್ತೀರಿ. ಹೆಲ್ಮೆಟ್ ಬಿಟ್ಟು ಹೋಗಲೇಬೇಡಿ.

ಇದು ಕೈಗೂಡಿದ ಮೇಲೆ ಪಾದಗಳನ್ನು ಬೇರೆ ಬೇರೆಯಾಗಿ ಆಡಿಸಿ. ಎರಡೂ ಪಾದ ಒಟ್ಟಿಗೇ ತಿರುಗಬೇಕೆಂದು ನಾನು ತಿಳಿದಿದ್ದೆ, ಹಾಗಲ್ಲ. ಬೋರ್ಡ್ ತಿರುಚಿಕೊಳ್ಳುವ ವಸ್ತು. ಮುಂದಿನ ಪಾದದ ಒತ್ತಡ ಮೊದಲು ಬದಲಿಸಿದರೆ ಮೂಗು, ಅಂದರೆ ಬೋರ್ಡಿನ ಮುಂತುದಿ, ತಾನೇ ಇಳಿಜಾರಿಗೆ ತಿರುಗುತ್ತದೆ, ಹಿಂದಿನ ಪಾದ ಅರೆಕ್ಷಣ ತಡವಾಗಿ ಸೇರಿಕೊಳ್ಳಲಿ. ಹಿಂಗಾಲಿನಿಂದ ಬೋರ್ಡಿನ ಬಾಲವನ್ನು ಒದ್ದು ತಿರುಗಿಸುವ ಅಭ್ಯಾಸ ಅಲ್ಲೇ ಬಿಡುತ್ತದೆ.

ಬಾಡಿಗೆ ಬೋರ್ಡಾದರೆ ಉಕ್ಕಿನ ಅಂಚಿನ ಮೇಲೆ ಉಗುರು ಉಜ್ಜಿ ನೋಡಿ. ಉಗುರು ಹೆರೆಯದಿದ್ದರೆ ಅಂಚು ಮೊಂಡು, ಬೇರೆಯದನ್ನು ಕೇಳಿ. ಒಂದು ಇಡೀ ಶನಿವಾರ ನನ್ನನ್ನೇ ಬೈದುಕೊಂಡ ಮೇಲೆ ಇದು ಗೊತ್ತಾಯಿತು.

ತಿರುವು ಮುಗಿಸಿ ಬದಿಗೆ ನಿಂತು ಹಿಮದ ಮೇಲೆ ನಿಮ್ಮ ಬೋರ್ಡ್ ಬಿಟ್ಟ ಗುರುತನ್ನು ನೋಡಿ. ದೋಸೆ ಹಿಟ್ಟು ಎಳೆದಂತೆ ಅಗಲವಾಗಿದ್ದರೆ ಜಾರಿದ್ದೀರಿ. ಚಾಕುವಿನ ಗೀರಿನಂತಿದ್ದರೆ ಅಂಚು ಕಚ್ಚಿದೆ. ನನ್ನ ಟೋ ಸೈಡ್ ಗೀರು ಈಗಲೂ ಕೊನೆಯ ಮೂರಡಿಯಲ್ಲಿ ಅಗಲವಾಗುತ್ತದೆ. ಮುಗಿಯಿತೆಂದು ಅಲ್ಲಿ ಬೇಗ ಎದ್ದು ನಿಂತುಬಿಡುತ್ತೇನೆ.