ರೋಸ್ ಕಾಗದ ಕೇಳಿದ್ರ ಗಾಬರಿ ಬ್ಯಾಡ್ರಿ, ಮೊದ್ಲು ನಿಮ್ಮ ಸೋಲ್ಡರ್ ಪಾಟ್ ನೋಡ್ರಿ

ಕಲಬುರಗಿ ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ ನಮ್ದೊಂದು ಸಣ್ಣ ಶೆಡ್ ಅದ, ಎಲ್‌ಇಡಿ ಡ್ರೈವರ್ ಬೋರ್ಡ್ (ದೀಪಕ್ಕ ಸರಿಯಾದ ಕರೆಂಟ್ ಕೊಡೋ ಸರ್ಕ್ಯೂಟ್) ಮಾಡ್ತೀವಿ, ಆರು ಮಂದಿ ಕೆಲಸಕ್ಕ. ಹೈದರಾಬಾದ್ ಪಾರ್ಟಿಯೊಬ್ರು ಛಲೋ ಆರ್ಡರ್ ಮಾತಾಡಿ, ರೇಟೂ ಒಪ್ಪಿ, ಕಡೀಕ "ರೋಸ್ ಡಿಕ್ಲರೇಷನ್ ಕಳಸ್ರಿ" ಅಂದ್ರು, ನಾ ಹೂಂ ಅಂದೆ, ಫೋನ್ ಇಟ್ಟ ಮ್ಯಾಲೆ ಅದೇನಂತ ಹುಡುಕ್ಲಿಕ್ಕೆ ಕುಂತೆ. ಈಗ ಬೀದರ್ ಕೊಳಾರದಾಗಿನ ಗೆಳೆಯರು, ಯಾದಗಿರಿಯವ್ರು ಫೋನ್ ಮಾಡಿ ಇದನ್ನೇ ಕೇಳ್ತಾರ, ಅದಕ್ಕ ಬರದೇ ಇಡ್ತೀನಿ.

ರೋಸ್ (RoHS) ಅಂದ್ರ ಎಲೆಕ್ಟ್ರಾನಿಕ್ ಸಾಮಾನಿನಾಗ ಕೆಲವು ವಿಷದ ವಸ್ತು ಇಷ್ಟಕ್ಕಿಂತ ಜಾಸ್ತಿ ಇರಬಾರ್ದು ಅನ್ನೋ ರೂಲು. ಯುರೋಪಿನಾಗ 2006ರ ಜುಲೈ 1ರಿಂದ ನಡದದ. ನಮ್ಮ ದೇಶದಾಗ ಇದು ಇ-ವೇಸ್ಟ್ ರೂಲ್ಸ್ ಒಳಗೇ ಬರ್ತದ, ಈಗ ಇರೋದು 2022ರ ರೂಲ್ಸ್, 2023ರ ಏಪ್ರಿಲ್ 1ರಿಂದ ಜಾರಿ. ಸೀಸ, ಪಾದರಸ, ಹೆಕ್ಸಾವಲೆಂಟ್ ಕ್ರೋಮಿಯಂ, ಪ್ಲಾಸ್ಟಿಕ್ಕಿಗೆ ಬೆಂಕಿ ಹತ್ತಬಾರ್ದಂತ ಹಾಕೋ ಪಿಬಿಬಿ ಮತ್ತ ಪಿಬಿಡಿಇ, ಇವು ಐದೂ ಶೇ. 0.1 ಅಂದ್ರ 1000 ಪಿಪಿಎಮ್ (ಹತ್ತು ಲಕ್ಷ ಭಾಗದಾಗ ಸಾವಿರ ಭಾಗ) ತನಕ, ಕ್ಯಾಡ್ಮಿಯಂ ಮಾತ್ರ ಶೇ. 0.01. ಯುರೋಪಿಗೆ ಹೋಗೋ ಮಾಲಾದ್ರ ಇನ್ನೂ ನಾಕು ಥ್ಯಾಲೇಟ್ ಸೇರ್ತಾವ, ವೈರನ್ನ ಮೆತ್ತಗ ಮಾಡೋ ಕೆಮಿಕಲ್, 2019ರ ಜುಲೈದಿಂದ.

"ನಾವು ಮೈಕ್ರೋ ಯೂನಿಟ್, ನಮಗ ಇದೆಲ್ಲ ಇಲ್ಲ" ಅಂತ ಭಾಳ ಮಂದಿ ಅಂತಾರ. ಹೌದ್ರಿ, 2022ರ ರೂಲ್ಸ್ ಮೈಕ್ರೋ ಎಂಟರ್‌ಪ್ರೈಸಿಗೆ ಹತ್ತಂಗಿಲ್ಲ, ಆದ್ರ ನಿಮ್ಮ ಬೋರ್ಡ್ ತಗೊಂಡು ತನ್ನ ಬ್ರ್ಯಾಂಡ್ ಹಚ್ಚಿ ಮಾರೋನಿಗೆ ಹತ್ತತದ, ಅಂವ ನಿಮ್ಮನ್ನ ಕೇಳೇ ಕೇಳ್ತಾನ, ಕೊಡಲಿಲ್ಲ ಅಂದ್ರ ಪುಣೆದಾಗ ಮತ್ತೊಬ್ಬನ್ನ ಹುಡುಕ್ತಾನ.

ಎಲ್ಲಾರೂ ತಪ್ಪು ತಿಳ್ಕೊಳ್ಳೋದು ಪರ್ಸೆಂಟ್ ಲೆಕ್ಕದಾಗ. ಇಡೀ ಡ್ರೈವರಿನ ತೂಕದಾಗ ಸೀಸ ಎಷ್ಟು ಅಂತ ಅಲ್ರಿ, ಒಂದೊಂದು ವಸ್ತು ಬ್ಯಾರೆ ಬ್ಯಾರೆ ಮಾಡಿ ನೋಡ್ತಾರ. ಸೋಲ್ಡರ್ (ಬೋರ್ಡಿಗೆ ಪಾರ್ಟ್ ಬೆಸೆಯೋ ಲೋಹ) ಬ್ಯಾರೆ, ವೈರಿನ ಮ್ಯಾಲಿನ ಪ್ಲಾಸ್ಟಿಕ್ ಬ್ಯಾರೆ, ಸ್ಕ್ರೂ ಮ್ಯಾಲಿನ ಲೇಪ ಬ್ಯಾರೆ. ನೂರು ಚೀಲ ತೊಗರಿಯೊಳಗ ಒಂದೇ ಚೀಲಕ್ಕ ಹುಳ ಹತ್ತಿದ್ರ ಆ ಚೀಲ ಫೇಲೇ, ಉಳಿದ ತೊಂಬತ್ತೊಂಬತ್ತು ಛಲೋ ಅದಾವ ಅಂತ ಆ ಚೀಲ ಪಾಸ್ ಆಗಂಗಿಲ್ಲ, ಹಂಗ. ನಾವೆಲ್ಲ ಹಿಂದಿನಿಂದ ವಾಪರಿಸೋ 60/40 ಸೋಲ್ಡರಿನಾಗ ಸೀಸನೇ ಶೇ. 40, ಅಂದ್ರ 4 ಲಕ್ಷ ಪಿಪಿಎಮ್, ಬಿಡೋದು 1000, ಅಲ್ಲಿಗೇ ಕಥಿ ಮುಗೀತು.

ಅದಕ್ಕ ಮೊದಲ ಕೆಲಸ ಲೆಡ್ ಫ್ರೀ ಸೋಲ್ಡರ್. ಎರಡು ಜಾತಿ ಸಿಗ್ತಾವ. ಒಂದು ಸ್ಯಾಕ್ 305, ತವರ ಶೇ. 96.5, ಬೆಳ್ಳಿ 3, ತಾಮ್ರ 0.5, ಬೆಳ್ಳಿ ಇರೋದ್ರಿಂದ ತುಟ್ಟಿ. ಇನ್ನೊಂದು ಬರೇ ತವರ-ತಾಮ್ರ, ಸೋವಿ, ಡಿಪ್ ಪಾಟಿಗೆ (ಸೋಲ್ಡರ್ ಕರಗಿಸಿ ಬೋರ್ಡ್ ಅದ್ದೋ ಪಾತ್ರಿ) ನಾವು ಇದನ್ನೇ ಹಾಕ್ತೀವಿ. ಹಳೇದು 183 ಡಿಗ್ರಿಗೇ ಕರಗ್ಲಿಕ್ಕೆ ಶುರು ಆಗ್ತಿತ್ತು, ಸ್ಯಾಕ್‌ಗೆ 217 ಬೇಕು, ತವರ-ತಾಮ್ರಕ್ಕ 227, ಹಿಂಗಾಗಿ ಟೆಂಪರೇಚರ್ ಕಂಟ್ರೋಲ್ ಇಲ್ಲದ 25 ವ್ಯಾಟಿನ ಐರನ್ ಬಿಟ್ಟು, ಟೆಂಪರೇಚರ್ ಹಿಡಿದಿಡೋ ಸೋಲ್ಡರಿಂಗ್ ಸ್ಟೇಷನ್ ತಗೋರಿ. ಜಾಯಿಂಟ್ ಹಳೇದರಂಗ ಫಳಫಳ ಹೊಳೆಯಂಗಿಲ್ಲ, ಮಬ್ಬು ಇರ್ತದ, ನಮ್ಮ ಹುಡುಗ್ರು ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಜಾಯಿಂಟ್) ಅಂತ ತಿಳದು ಒಂದು ದಿನ ಪೂರ್ತಿ ಮತ್ತ ಮತ್ತ ಸೋಲ್ಡರ್ ಮಾಡಿದ್ದೇ ಮಾಡಿದ್ರು! ಸೋಲ್ಡರ್ ಪೇಸ್ಟ್ ವಾಪರಿಸ್ತಿದ್ರ ಫ್ರಿಜ್ಜಿನಾಗ ಇಡ್ರಿ, ಮೇ ತಿಂಗಳ ಕಲಬುರಗಿ ಬಿಸಲಿಗೆ ಹೊರಗಿಟ್ರ ಕೆಟ್ಟು ಹೋಗ್ತದ.

ಈಗ ನಾ ಮಾಡಿದ ತಪ್ಪು ಕೇಳ್ರಿ. ಸೋಲ್ಡರ್ ಹೊಸಾದು ತಂದೆ, ಪಾಟ್ ಮಾತ್ರ ಹಳೇದೇ, ಖಾಲಿ ಮಾಡಿ ಒರೆಸಿ ಹಾಕಿದೆ, ಲ್ಯಾಬ್ ರಿಪೋರ್ಟಿನಾಗ ಸೀಸ ಬಂತು. ಲೆಕ್ಕ ಹಾಕಿದ್ರ ಸಿಟ್ಟೂ ಬರ್ತದ ನಗೂನೂ ಬರ್ತದ, 10 ಕೆಜಿ ಪಾಟಿನಾಗ 10 ಗ್ರಾಂ ಸೀಸ ಆದ್ರ ಲಿಮಿಟ್ ಮುಟ್ತು, ಅಂದ್ರ ಹಳೇ 60/40 ಬರೇ 25 ಗ್ರಾಂ, ಮೂಲ್ಯಾಗ ಅಂಟಿಕೊಂಡಿದ್ದಷ್ಟೇ ಸಾಕು. ಪಾಟ್, ಬಿಟ್, ಸ್ಪಂಜ್, ಡಿಸೋಲ್ಡರ್ ಪಂಪ್ ಎಲ್ಲಾ ಬ್ಯಾರೆನೇ ಇರ್ಲಿ. ನಾವು ಲೆಡ್ ಇರೋ ಸಾಮಾನಿಗೆ ಕೆಂಪು ಟೇಪ್ ಸುತ್ತಿ, ಹಳೇ ಟಿವಿ ರಿಪೇರಿ ಟೇಬಲ್ ಮ್ಯಾಲೇ ಇಟ್ಟೀವಿ.

ಸೋಲ್ಡರ್ ಆದ ಮ್ಯಾಲೆ ಬೋರ್ಡ್. ಪಿಸಿಬಿ (ಪಾರ್ಟ್ ಕೂಡ್ಸೋ ಖಾಲಿ ಬೋರ್ಡ್) ಆರ್ಡರ್ ಮಾಡೋವಾಗ ಲೆಡ್ ಫ್ರೀ ಎಚ್‌ಎಎಸ್‌ಎಲ್ (ಬೋರ್ಡಿನ ತಾಮ್ರದ ಮ್ಯಾಲೆ ಹಾಕೋ ಸೋಲ್ಡರ್ ಲೇಪ) ಅಂತ ಬಾಯಿ ಬಿಟ್ಟು ಹೇಳ್ರಿ, ಬರೇ ಎಚ್‌ಎಎಸ್‌ಎಲ್ ಅಂದ್ರ ತವರ-ಸೀಸದ್ದೇ ಬರಬಹುದು. ಸೋವಿ ಪಿವಿಸಿ ವೈರಿನಾಗ ಸೀಸ ಇರಬಹುದು, ಗಾಢ ಹಳದಿ ಕೆಂಪು ಪ್ಲಾಸ್ಟಿಕ್ಕಿನ ಬಣ್ಣದಾಗ ಕ್ಯಾಡ್ಮಿಯಂ ಇರಬಹುದು, ಬಂಗಾರದಂಗ ಹೊಳಿಯೋ ಹಳದಿ ಜಿಂಕ್ ಸ್ಕ್ರೂ ಅಂದ್ರ ಹೆಕ್ಸಾವಲೆಂಟ್ ಕ್ರೋಮಿಯಂ ಅನುಮಾನ ಇಟ್ಕೋರಿ. ಹಿತ್ತಾಳಿ ಟರ್ಮಿನಲ್ಲಿಗೆ ಮಾತ್ರ ವಿನಾಯ್ತಿ ಅದ, ತಾಮ್ರದ ಮಿಶ್ರಲೋಹದಾಗ ಶೇ. 4 ತನಕ ಸೀಸ ನಡೀತದ. ಯುರೋಪಿನ ವಿನಾಯ್ತಿಗಳಿಗೆ ಅವಧಿ ಇರ್ತದ, ಮಾಲ್ ಕಳಸೋ ಮುಂಚೆ ಈಗಿನ ಪಟ್ಟಿ ನೋಡ್ರಿ. ಬ್ಯಾಟರಿ ಇದರೊಳಗ ಬರಂಗಿಲ್ಲ, ಅದರ ರೂಲ್ಸೇ ಬ್ಯಾರೆ.

ಕಾಗದದ ಮಾತಿಗೆ ಬರೂಣು. ಸರ್ಕಾರ ಕೊಡೋ ರೋಸ್ ಸರ್ಟಿಫಿಕೇಟ್ ಅಂತ ಒಂದು ಇಲ್ಲೇ ಇಲ್ಲ, ಯಾರಾದ್ರೂ ಏಜೆಂಟ್ ಮಾಡಿಸಿ ಕೊಡ್ತೀನಿ ಅಂತ ರೊಕ್ಕ ಕೇಳಿದ್ರ ದೂರ ಇರ್ರಿ. ಇದು ನಮ್ಮದೇ ಘೋಷಣೆ, ಸಹಿ ನಮ್ದು, ಜವಾಬ್ದಾರಿನೂ ನಮ್ದು. ಸಾಮಾನಿನ ಪಟ್ಟಿ ತಗೊಂಡು ಪ್ರತಿ ಬಿಡಿ ಭಾಗದ ಮುಂದ ಸಪ್ಲಾಯರ್ ಕೊಟ್ಟ ಡಿಕ್ಲರೇಷನ್ ಹಚ್ಚಿ ಇಡ್ರಿ, ಪಾರ್ಟ್ ನಂಬರ್ ಹೊಂದ್ತದೋ ಇಲ್ಲೋ, ತಾರೀಖು ಯಾವಾಗಿಂದು, ಲ್ಯಾಬಿಗೆ ಎನ್‌ಎಬಿಎಲ್ ಮಾನ್ಯತೆ (ಲ್ಯಾಬ್ ಸರಿ ಅದ ಅಂತ ದೇಶದ ಮಂಡಳಿ ಕೊಡೋದು) ಅದನೋ, ಇದೆಲ್ಲಾ ನೋಡ್ರಿ. ನನಗೊಬ್ಬ ವೈರಿನವ ಕೆಪ್ಯಾಸಿಟರಿನ ರಿಪೋರ್ಟ್ ಕಳಸಿದ್ದ, ಪಾಪ ಅಂವಗೂ ಗೊತ್ತಿರ್ಲಿಲ್ಲ.

ಎಲ್ಲಾ ಟೆಸ್ಟ್ ಮಾಡ್ಸಿದ್ರ ಮನಿ ಮಾರಬೇಕಾಗ್ತದ, ಅನುಮಾನ ಇರೋ ಎರಡು ಮೂರು ವಸ್ತು ಮಾತ್ರ ಕಳಸ್ರಿ, ಸೋಲ್ಡರ್, ವೈರ್, ಸ್ಕ್ರೂ. ಮೊದ್ಲು ಎಕ್ಸ್‌ಆರ್‌ಎಫ್ ಗನ್ (ಎಕ್ಸ್-ರೇ ಬಿಟ್ಟು ಒಳಗಿನ ಮೂಲವಸ್ತು ಅಳಿಯೋ ಯಂತ್ರ) ಹಚ್ಚಿ ನೋಡ್ತಾರ, ಅದು ಸೋವಿ, ಆದ್ರ ಅದು ಒಟ್ಟು ಕ್ರೋಮಿಯಂ, ಒಟ್ಟು ಬ್ರೋಮಿನ್ ಅಷ್ಟೇ ಹೇಳ್ತದ, ಅದು ಹೆಕ್ಸಾವಲೆಂಟೋ, ಪಿಬಿಬಿ-ಪಿಬಿಡಿಇನೋ ಅಂತ ಹೇಳಂಗಿಲ್ಲ, ಜಾಸ್ತಿ ಬಂದ್ರ ಕೆಮಿಕಲ್ ಟೆಸ್ಟಿಗೆ ಹೋಗಬೇಕು. ರಿಪೋರ್ಟಿನ ಮ್ಯಾಲೆ ಐಇಸಿ 62321 (ಈ ಟೆಸ್ಟ್ ಮಾಡೋ ಅಂತರರಾಷ್ಟ್ರೀಯ ವಿಧಾನ) ಅಂತ ಇರ್ಲಿ, ಪಾರ್ಟಿಗಳು ಅದನ್ನೇ ಹುಡುಕ್ತಾರ.

ಯುರೋಪಿಗೆ ಮಾಲ್ ಹೋಗೋದಾದ್ರ ಫೈಲ್ ಹತ್ತು ವರ್ಷ ಇಡಬೇಕು. ಸಪ್ಲಾಯರ್ ಬದಲಾದ ದಿನಾನೇ ಹೊಸ ಕಾಗದ ಕೇಳ್ರಿ, ಆಮ್ಯಾಲೆ ಅಂದ್ರ ಆಗಂಗಿಲ್ಲ. ಮತ್ತ ಆ ಹಳೇ ಪಾಟಿನ ಸೋಲ್ಡರ್, ಕಸ ಎಲ್ಲಾ ಗುಜರಿಯವಗ ಕೊಡಬ್ಯಾಡ್ರಿ, ಅಂವ ಓಣ್ಯಾಗೇ ಕರಗಸ್ತಾನ, ರಿಜಿಸ್ಟರ್ಡ್ ರೀಸೈಕ್ಲರಿಗೇ ಕೊಟ್ಟು ರಸೀದಿ ಇಸ್ಕೋರಿ, ಅದೂ ಆ ಫೈಲಿನಾಗೇ ಇರ್ಲಿ.