ಹೊಸ ಎಕ್ಸಿಮಾ ಔಷಧ: ಬಳಸುವವರು ಕಾಲಕ್ರಮೇಣ ಹೇಗೆ ಬದಲಾದರೆಂದು ಅಳೆಯುವ ಬಗೆ

ಡುಪಿಲುಮಾಬ್ ಇಂಜೆಕ್ಷನ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಾಗ, ಅದು ಮುಲಾಮುಗಳಿಂದ ಹತೋಟಿಗೆ ಬಾರದ ಮಧ್ಯಮ ಅಥವಾ ತೀವ್ರ ಎಕ್ಸಿಮಾದ (ತುರಿಕೆಯ ಚರ್ಮರೋಗ) ವಯಸ್ಕರಿಗಷ್ಟೇ ಇತ್ತು. 2019ರಲ್ಲಿ 12 ವರ್ಷ ತುಂಬಿದವರು, 2020ರಲ್ಲಿ 6 ವರ್ಷ ತುಂಬಿದವರು, 2022ರಲ್ಲಿ 6 ತಿಂಗಳು ದಾಟಿದ ಕೂಸುಗಳೂ ಸೇರಿದರು. ಮೊದಲ ವರ್ಷದ ಫಲಿತಾಂಶವನ್ನು ಐದನೆಯ ವರ್ಷದ್ದರೊಂದಿಗೆ ಹೋಲಿಸುವ ಮುನ್ನ ಔಷಧ ಪಡೆದವರು ಯಾರೆಂದು ನೋಡಲೇಬೇಕು. ವಿಮಾ ದಾಖಲೆಗಳಿದ್ದರೆ ಅದನ್ನು ಹೀಗೆ ಮಾಡಿ.

ಮೊದಲು ಹೊಸ ಬಳಕೆದಾರರನ್ನು ಬೇರ್ಪಡಿಸಿ. ಹಿಂದಿನ 12 ತಿಂಗಳು ವಿಮೆಯಲ್ಲಿ ಸತತವಾಗಿದ್ದು, ಆ ಅವಧಿಯಲ್ಲಿ ಈ ಔಷಧ ಪಡೆಯದವರನ್ನೇ ಆರಿಸಿ. ಹಳಬರನ್ನೂ ಬೆರೆಸಿದರೆ ಲೆಕ್ಕ ಕೆಡುತ್ತದೆ. ಗುಣ ಕಾಣದವರು, ಅಡ್ಡಪರಿಣಾಮದಿಂದ ಕಣ್ಣು ಕೆಂಪಾಗಿ ಔಷಧ ಬಿಟ್ಟವರು ಆಗಲೇ ಹೊರಹೋಗಿ, ಒಗ್ಗಿದವರೇ ಹೆಚ್ಚಾಗಿ ಉಳಿದಿರುತ್ತಾರೆ.

ಮುಂದಿನದು ಕಾಯಿಲೆಯ ಗುರುತು. 2018ರ ಅಕ್ಟೋಬರ್‌ನಿಂದ ಇದೇ ಔಷಧ ಅಸ್ತಮಾಗೂ, 2019ರಿಂದ ಮೂಗಿನ ಪಾಲಿಪ್‌ಗೂ ಬಂತು. ಹಾಗಾಗಿ ಹಿಂದಿನ ವರ್ಷದ ದಾಖಲೆಯಲ್ಲಿ ಎಲ್20, ಅಂದರೆ ಎಕ್ಸಿಮಾದ ರೋಗಸಂಕೇತ, ಇದೆಯೇ ನೋಡಿ. ಅಸ್ತಮಾ ಇದ್ದವರನ್ನೆಲ್ಲ ತೆಗೆದುಹಾಕಬೇಡಿ. ಎಕ್ಸಿಮಾ ಇರುವವರಲ್ಲಿ ಅಸ್ತಮಾ ಸಾಮಾನ್ಯ. ಚೀಟಿ ಬರೆದವರು ಚರ್ಮರೋಗ ತಜ್ಞರೋ ಶ್ವಾಸಕೋಶ ತಜ್ಞರೋ ಎಂಬುದು ಇಲ್ಲಿ ಹೆಚ್ಚು ನೆರವಿಗೆ ಬರುತ್ತದೆ.

ನಂತರ, ಔಷಧ ಶುರುವಾದ ದಿನಾಂಕದ ಮೇಲೆ ಆರಾರು ತಿಂಗಳ ಗುಂಪು ಮಾಡಿ. ವಯಸ್ಕರು, ಹದಿಹರೆಯದವರು, ಮಕ್ಕಳು ಬೇರೆ ಬೇರೆ ಇರಲಿ. ಇಲ್ಲದಿದ್ದರೆ 2019ರ ನಂತರ ಸರಾಸರಿ ವಯಸ್ಸು ಇಳಿದಿದ್ದನ್ನು ವೈದ್ಯರ ಒಲವು ಬದಲಾಯಿತೆಂದು ತಪ್ಪಾಗಿ ಓದುತ್ತೀರಿ.

ಕಷ್ಟವಿರುವುದು ತೀವ್ರತೆಯಲ್ಲಿ. ಎಕ್ಸಿಮಾದ ತೀವ್ರತೆ ಅಳೆಯುವ, 0ಯಿಂದ 72ರವರೆಗಿನ ಈಸಿ (EASI) ಅಂಕ ವಿಮಾ ದಾಖಲೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬದಲಿಗೆ ಹಿಂದಿನ ವರ್ಷದ ಸ್ಟೆರಾಯ್ಡ್ ಮಾತ್ರೆಗಳ ಸರದಿ, ರೋಗನಿರೋಧಕ ಶಕ್ತಿ ತಗ್ಗಿಸುವ ಸೈಕ್ಲೋಸ್ಪೊರಿನ್ ಅಥವಾ ಮೆಥೊಟ್ರೆಕ್ಸೇಟ್, ಬೆಳಕಿನ ಚಿಕಿತ್ಸೆ, ಚರ್ಮದ ಸೋಂಕಿಗೆ ಕೊಟ್ಟ ಆಂಟಿಬಯೋಟಿಕ್ ಎಣಿಸಿ. ಆದರೆ ಎಚ್ಚರ: ವಿಮಾ ಕಂಪನಿಯೇ 'ಮೊದಲು ಹಳೆಯ ಔಷಧ ಸೋಲಬೇಕು' ಎಂಬ ಷರತ್ತನ್ನು ಸಡಿಲಿಸಿದ್ದರೆ, ಅಷ್ಟೇ ತೀವ್ರತೆಯ ರೋಗಿಯೂ ದಾಖಲೆಯಲ್ಲಿ ಸೌಮ್ಯನಾಗಿ ಕಾಣುತ್ತಾನೆ. ಷರತ್ತು ಬದಲಾದ ತಿಂಗಳನ್ನು ಗ್ರಾಫಿನ ಮೇಲೆ ಗುರುತಿಸಿಡಿ.

ಇದು ಯಾಕೆ ಮುಖ್ಯವೆಂಬುದಕ್ಕೆ ಒಂದು ಕಲ್ಪಿತ ಲೆಕ್ಕ. ಚರ್ಮ ಬಹುತೇಕ ತಿಳಿಯಾಗುವುದು ತೀವ್ರ ರೋಗಿಗಳಲ್ಲಿ 40%, ಮಧ್ಯಮರಲ್ಲಿ 60% ಎಂದಿರಲಿ. ತೀವ್ರರ ಪಾಲು 80%ರಿಂದ 30%ಕ್ಕೆ ಇಳಿದರೆ ಒಟ್ಟು ಫಲ 44%ರಿಂದ 54%ಕ್ಕೆ ಏರುತ್ತದೆ. ಔಷಧದ ಗುಣ ಎಳ್ಳಷ್ಟೂ ಬದಲಾಗಿಲ್ಲ.

ಗುಂಪುಗಳ ಅಂತರ ಅಳೆಯಲು ಪಿ ಮೌಲ್ಯವನ್ನು (ಅಂತರ ಬರೀ ಆಕಸ್ಮಿಕವೇ ಎಂದು ಪರೀಕ್ಷಿಸುವ ಅಂಕಿ) ನಂಬಬೇಡಿ. ಸಾವಿರಾರು ಜನರಿದ್ದರೆ ಪುಟ್ಟ ಅಂತರವೂ ದೊಡ್ಡದೆನಿಸುತ್ತದೆ. ಸರಾಸರಿಗಳ ಅಂತರವನ್ನು ಸ್ಟ್ಯಾಂಡರ್ಡ್ ಡೀವಿಯೇಷನ್‌ನಿಂದ (ಸರಾಸರಿಯಿಂದ ಅಂಕಿಗಳು ಎಷ್ಟು ಚದುರಿವೆ ಎಂಬ ಅಳತೆ) ಭಾಗಿಸಿ, 0.1 ದಾಟಿದರೆ ಗಮನಿಸಿ. ಎಲ್ಲ ಗುಂಪನ್ನೂ ಸಮಾನ ಅವಧಿ, ಉದಾಹರಣೆಗೆ 16 ವಾರ, ಹಿಂಬಾಲಿಸಿ. 2022ರ ಜನವರಿಯಲ್ಲಿ ಉಪಡಾಸಿಟಿನಿಬ್, ಅಬ್ರೊಸಿಟಿನಿಬ್ ಮಾತ್ರೆಗಳು ಎಕ್ಸಿಮಾಗೆ ಒಪ್ಪಿಗೆ ಪಡೆದವು. ಅಲ್ಲಿಂದಾಚೆ ಆ ಮಾತ್ರೆ ಬಿಟ್ಟು ಇಂಜೆಕ್ಷನ್‌ಗೆ ಬಂದವರಿಗೆ ಬೇರೆಯೇ ಕಾಲಂ ಇಡಿ.