ಸಣ್ಣ ಮರಗೆಲಸದ ಶೆಡ್‌ಗೆ ಜಾಯಿಂಟರ್–ಪ್ಲೇನರ್ ಕೊಳ್ಳುವ ಮುನ್ನ

ಮೈಸೂರಿನ ಸಾ ಮಿಲ್‌ನಿಂದ ತಂದ ತೇಗದ ಹಲಗೆ ಅಂಗಳದಲ್ಲಿ ನೋಡುವಾಗ ನೇರವಾಗಿಯೇ ಕಾಣುತ್ತದೆ. ಅದನ್ನು ಸಮತಟ್ಟಾದ ನೆಲದ ಮೇಲಿಟ್ಟು ಒಂದು ಮೂಲೆಯನ್ನು ಬೆರಳಿನಿಂದ ಒತ್ತಿದಾಗ ಎದುರು ಮೂಲೆ ಮೇಲೆದ್ದರೆ, ಆ ಹಲಗೆ ತಿರುಚಿಕೊಂಡಿದೆ ಎಂದರ್ಥ. ಅಂತಹ ಹಲಗೆಯಿಂದ ಮಾಡಿದ ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂರುವುದಿಲ್ಲ. ಹಿಂದೆ ಇದನ್ನು ಕೈಯಿಂದ ಕೀಸುವ ತೋಪಡ ಹೊಡೆದು ಸರಿಪಡಿಸುತ್ತಿದ್ದರು. ಇಂದು ಅದೇ ಕೆಲಸಕ್ಕೆ ಜಾಯಿಂಟರ್ ಮತ್ತು ಥಿಕ್ನೆಸ್ ಪ್ಲೇನರ್ ಎಂಬ ಎರಡು ಯಂತ್ರಗಳಿವೆ. ಮನೆಯ ಹಿಂದಿನ ಶೆಡ್‌ನಲ್ಲಿ ಎರಡಕ್ಕೂ ಜಾಗವಿಲ್ಲದವರು ಎರಡನ್ನೂ ಒಂದರಲ್ಲೇ ಸೇರಿಸಿದ ಯಂತ್ರವನ್ನು ಹುಡುಕುತ್ತಾರೆ.

ಮೊದಲು ಎರಡರ ಕೆಲಸವನ್ನು ಬೇರ್ಪಡಿಸಿ ತಿಳಿಯಬೇಕು. ಜಾಯಿಂಟರ್ ಹಲಗೆಯ ಒಂದು ಮುಖವನ್ನು ಸಮತಟ್ಟು ಮಾಡಿ, ಆ ಮುಖಕ್ಕೆ ಲಂಬವಾಗಿ ಒಂದು ಅಂಚನ್ನು ನೇರ ಮಾಡುತ್ತದೆ. ಥಿಕ್ನೆಸ್ ಪ್ಲೇನರ್ ಆ ಸಮತಟ್ಟಾದ ಮುಖವನ್ನು ಆಧಾರವಾಗಿಟ್ಟುಕೊಂಡು ಎದುರು ಮುಖವನ್ನು ಸಮಾನಾಂತರವಾಗಿ ಕೀಸುತ್ತದೆ. ಈ ವ್ಯತ್ಯಾಸ ತಿಳಿಯದೆ ನಾನು ಮೊದಲಿಗೆ ಥಿಕ್ನೆಸ್ ಪ್ಲೇನರ್ ಒಂದನ್ನೇ ಕೊಂಡೆ. ಮಂಡ್ಯದ ಗ್ರಾಹಕರೊಬ್ಬರ ದೇವರ ಕೋಣೆಗೆ ಮಾಡಿದ ಜೋಡಿ ಬಾಗಿಲಿನ ಪಟ್ಟಿಗಳು ಅಳತೆಗೆ ಎಲ್ಲ ಕಡೆಯೂ ಒಂದೇ ದಪ್ಪವಿದ್ದವು. ಆದರೆ ಕೂರಿಸಿದ ಮೇಲೆ ಒಂದು ಬಾಗಿಲಿನ ಮೇಲಿನ ಮೂಲೆ ಚೌಕಟ್ಟಿನಿಂದ ಕಾಲು ಇಂಚು ಹೊರಗೆ ನಿಂತಿತು. ಪ್ಲೇನರ್‌ನ ರೋಲರ್‌ಗಳು ತಿರುಚಿದ ಹಲಗೆಯನ್ನು ಒತ್ತಿ ಚಪ್ಪಟೆ ಮಾಡಿಕೊಂಡೇ ಒಳಗೆಳೆಯುತ್ತವೆ. ಆಚೆ ಬಂದೊಡನೆ ಹಲಗೆ ತನ್ನ ಮೊದಲಿನ ತಿರುಚಿಗೇ ಮರಳುತ್ತದೆ. ಆ ಬಾಗಿಲನ್ನು ಇಳಿಸಿ, ಬಿಚ್ಚಿ, ಮತ್ತೆ ಮಾಡಿಕೊಡಬೇಕಾಯಿತು. ಆದ್ದರಿಂದ ಜೋಡಿ ಯಂತ್ರ ಆರಿಸುವಾಗ ಜಾಯಿಂಟರ್ ಭಾಗಕ್ಕೇ ಹೆಚ್ಚು ಗಮನ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಜೋಡಿ ಯಂತ್ರದಲ್ಲಿ ಬ್ಲೇಡ್‌ಗಳನ್ನು ಕೂರಿಸಿದ, ತಿರುಗುವ ಕಟರ್ ಬ್ಲಾಕ್ ಒಂದೇ. ಅದರ ಮೇಲ್ಭಾಗದಲ್ಲಿ ಜಾಯಿಂಟರ್ ಕೆಲಸ, ಕೆಳಭಾಗದಲ್ಲಿ ದಪ್ಪ ಇಳಿಸುವ ಕೆಲಸ. ಬ್ಲಾಕ್ ಒಂದೇ ದಿಕ್ಕಿಗೆ ತಿರುಗುವುದರಿಂದ ಮೇಲೆ ಹಲಗೆಯನ್ನು ಒಂದು ಕಡೆಯಿಂದ ತಳ್ಳಿದರೆ ಕೆಳಗೆ ಅದರ ವಿರುದ್ಧ ಕಡೆಯಿಂದ ಕೊಡಬೇಕಾಗುತ್ತದೆ. ಹೀಗಾಗಿ ಯಂತ್ರದ ಎರಡೂ ಬದಿಗೆ ನಿಮ್ಮ ಅತಿ ಉದ್ದದ ಹಲಗೆಯಷ್ಟು ಖಾಲಿ ಜಾಗ ಬೇಕು. ಏಳು ಅಡಿಯ ಬಾಗಿಲಿನ ಪಟ್ಟಿಗೆ ಕನಿಷ್ಠ ಹದಿನಾಲ್ಕು ಅಡಿ ಆಗುತ್ತದೆ. ಶೆಡ್ ಚಿಕ್ಕದಿದ್ದರೆ ಬಾಗಿಲಿನ ನೇರಕ್ಕೆ ಯಂತ್ರವನ್ನು ನಿಲ್ಲಿಸಿ, ಹಲಗೆ ಹೊರಗೆ ಚಾಚುವಂತೆ ಮಾಡಿಕೊಳ್ಳಬಹುದು.

ಅಗಲವನ್ನು ನಿರ್ಧರಿಸಲು ನೀವು ಹೆಚ್ಚಾಗಿ ಮಾಡುವ ಕೆಲಸವನ್ನು ಅಳೆಯಿರಿ. ಬಾಗಿಲು, ಕಿಟಕಿಯ ಪಟ್ಟಿಗಳು ನಾಲ್ಕೈದು ಇಂಚು ಮೀರುವುದು ಅಪರೂಪ. ಅಗಲದ ಫಲಕಗಳನ್ನು ಹೇಗಿದ್ದರೂ ಅಂಟಿಸಿಯೇ ಮಾಡುತ್ತೇವೆ. ಅಂತಹವರಿಗೆ 10 ಇಂಚಿನ ಯಂತ್ರ ಸಾಕು. ಊಟದ ಮೇಜು, ಮಂಚ ಮಾಡುವವರು 12 ಇಂಚಿಗೆ ಹೋಗಬಹುದು. ಅಗಲಕ್ಕೆ ಕೊಡುವ ಹೆಚ್ಚಿನ ಹಣವನ್ನು ಟೇಬಲ್‌ನ ಉದ್ದಕ್ಕೆ ಕೊಡುವುದು ನನ್ನ ದೃಷ್ಟಿಯಲ್ಲಿ ಲೇಸು. ಏಕೆಂದರೆ ಬ್ಲಾಕ್‌ನ ಎರಡು ಬದಿಗೂ ಇರುವ ಜಾಯಿಂಟರ್ ಟೇಬಲ್‌ಗಳು ಸೇರಿದ ಉದ್ದದ ಸುಮಾರು ಎರಡರಷ್ಟು ಉದ್ದದ ಹಲಗೆಯನ್ನಷ್ಟೇ ನಂಬಿಕೆಯಿಂದ ನೇರ ಮಾಡಬಹುದು.

ಅಂಗಡಿಯಲ್ಲೇ ಪರೀಕ್ಷೆ

ಯಂತ್ರ ನೋಡಲು ಹೋಗುವಾಗ ನಾಲ್ಕಡಿಯ ಸ್ಟ್ರೈಟ್ ಎಡ್ಜ್ (ನೇರ ಅಂಚಿನ ಲೋಹದ ಪಟ್ಟಿ), ಮೂಲೆಮಟ್ಟ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳ ಕಟ್ಟು) ಮತ್ತು ಮೂರಡಿ ಉದ್ದದ ಎರಡು ಹಲಗೆಗಳನ್ನು ಜೊತೆಗೆ ಒಯ್ಯಿರಿ. ಮೊದಲು ವಿದ್ಯುತ್ ಸಂಪರ್ಕ ತಪ್ಪಿಸಿ, ಎರಡೂ ಟೇಬಲ್‌ಗಳನ್ನು ಒಂದೇ ಮಟ್ಟಕ್ಕೆ ತಂದು, ಸ್ಟ್ರೈಟ್ ಎಡ್ಜನ್ನು ಉದ್ದಕ್ಕೂ ಓರೆಯಾಗಿಯೂ ಇಟ್ಟು ಅದರ ಕೆಳಗೆ ಗೇಜ್‌ನ ತೆಳುವಾದ ಎಲೆ ತೂರುತ್ತದೆಯೇ ನೋಡಿ. ಅನಂತರ, ಜೋಡಿ ಯಂತ್ರಕ್ಕೆ ವಿಶೇಷವಾಗಿ ಬೇಕಾದ ಪರೀಕ್ಷೆಯನ್ನು ಮಾಡಿ. ದಪ್ಪ ಇಳಿಸುವ ಕೆಲಸಕ್ಕಾಗಿ ಮೇಲಕ್ಕೆ ತೆರೆಯುವ ಈ ಟೇಬಲ್‌ಗಳನ್ನು ಐದಾರು ಬಾರಿ ತೆರೆದು ಮುಚ್ಚಿ, ಬೀಗ ಬಿಗಿದು, ಮತ್ತೆ ಅದೇ ಅಳತೆ ತೆಗೆಯಿರಿ. ಪ್ರತಿ ಬಾರಿಯೂ ಟೇಬಲ್ ಮೊದಲಿನ ಜಾಗಕ್ಕೇ ಬಂದು ಕೂರಬೇಕು. ಕೂರದ ಯಂತ್ರದ ಬೆಲೆ ಎಷ್ಟೇ ಕಡಿಮೆಯಿದ್ದರೂ ಅದನ್ನು ಬಿಟ್ಟುಬಿಡಿ. ಮುಂದೆ ಪ್ರತಿ ಹಲಗೆಯಲ್ಲೂ ಆ ದೋಷ ಇಳಿಯುತ್ತದೆ.

ಫೆನ್ಸ್ ಎಂದರೆ ಅಂಚು ಕೀಸುವಾಗ ಹಲಗೆಯ ಮುಖವನ್ನು ಒತ್ತಿ ಹಿಡಿಯುವ ಲಂಬ ಪಟ್ಟಿ. ಅದರ ಪರೀಕ್ಷೆಗೆ ನಿಮ್ಮ ಹಲಗೆಗಳು ಬೇಕಾಗುತ್ತವೆ. ಎರಡರಲ್ಲೂ ಒಂದೊಂದು ಮುಖಕ್ಕೆ ಪೆನ್ಸಿಲ್ ಗುರುತು ಹಾಕಿ, ಗುರುತಿನ ಮುಖವನ್ನೇ ಫೆನ್ಸ್‌ಗೆ ಒತ್ತಿ ತಲಾ ಒಂದು ಅಂಚನ್ನು ಕೀಸಿ. ಬಳಿಕ ಎರಡೂ ಗುರುತು ಒಂದೇ ಬದಿಗೆ ಬರುವಂತೆ ಆ ಅಂಚುಗಳನ್ನು ಒಂದರ ಮೇಲೊಂದು ನಿಲ್ಲಿಸಿ, ಅಂಗಡಿ ಬಾಗಿಲ ಬೆಳಕಿಗೆ ಹಿಡಿಯಿರಿ. ಫೆನ್ಸ್ 90 ಡಿಗ್ರಿಯಿಂದ ಕೊಂಚ ತಪ್ಪಿದ್ದರೂ ಆ ತಪ್ಪು ಇಲ್ಲಿ ಎರಡು ಪಟ್ಟಾಗಿ, ಒಂದು ಬದಿಯಲ್ಲಿ ಬೆಳಕಿನ ಗೆರೆ ಕಾಣುತ್ತದೆ. ಮೇಲಿನ ಹಲಗೆ ಓಲುವುದೂ ಇದೆ. ನಡುವೆ ಮಾತ್ರ ಬೆಳಕು ತೂರಿದರೆ ಟೇಬಲ್‌ಗಳ ಹೊಂದಾಣಿಕೆ ತಪ್ಪಿದೆ ಎಂದು ತಿಳಿಯಿರಿ. ಅಲ್ಯೂಮಿನಿಯಂ ಫೆನ್ಸ್ ಇದ್ದರೆ ಅದರ ತುದಿಯನ್ನು ಕೈಯಿಂದ ಒತ್ತಿ, ಎಷ್ಟು ಬಾಗುತ್ತದೆ ಎಂಬುದನ್ನೂ ಗಮನಿಸಿ.

ಬ್ಲೇಡ್, ವಿದ್ಯುತ್, ಹೊಟ್ಟು

ಕಟರ್ ಬ್ಲಾಕ್ ಎರಡು ಬಗೆ. ಒಂದರಲ್ಲಿ ನೇರವಾದ ಉದ್ದ ಬ್ಲೇಡ್‌ಗಳು, ಇನ್ನೊಂದರಲ್ಲಿ ಸುರುಳಿಯಾಗಿ ಜೋಡಿಸಿದ ಕಾರ್ಬೈಡ್‌ನ ಚಿಕ್ಕ ಬ್ಲೇಡ್‌ಗಳು. ತೇಗದಲ್ಲಿ ಸಿಲಿಕಾ ಇರುವುದರಿಂದ ಉಕ್ಕಿನ ಬ್ಲೇಡ್ ಬೇಗ ಮೊಂಡಾಗುತ್ತದೆ. ಮೈಸೂರಿನ ಇನ್‌ಲೇ ಕೆಲಸಕ್ಕೆ ಹೆಸರಾದ ಬೀಟೆಯಂತಹ ಮರಗಳಲ್ಲಿ ನಾರು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ, ನೇರ ಬ್ಲೇಡ್ ಅಲ್ಲಲ್ಲಿ ನಾರನ್ನು ಕಿತ್ತು ಹಾಕುತ್ತದೆ. ಸುರುಳಿ ಬ್ಲಾಕ್ ಇಲ್ಲಿ ನಯವಾಗಿ ಕೀಸುತ್ತದೆ, ಸದ್ದೂ ಕಡಿಮೆ. ಅದರ ಚೌಕ ಬ್ಲೇಡ್‌ನ ಒಂದು ಅಂಚು ಸವೆದರೆ ತಿರುಗಿಸಿ ಮುಂದಿನ ಅಂಚು ಬಳಸಬಹುದು. ಹೀಗೆ ನಾಲ್ಕು ಅಂಚು ಸಿಗುತ್ತವೆ. ಬೆಲೆ ಹೆಚ್ಚು, ಮೋಟರ್‌ನ ಶಕ್ತಿಯೂ ಕೊಂಚ ಹೆಚ್ಚು ಬೇಕು. ಸಿಲ್ವರ್ ಓಕ್‌ನಲ್ಲೇ ಹೆಚ್ಚು ಕೆಲಸ ಮಾಡುವವರು ನೇರ ಬ್ಲೇಡಿನದನ್ನು ಕೊಂಡು, ಸಾಣೆಗೆ ಕಳಿಸಿದಾಗ ಕೆಲಸ ನಿಲ್ಲದಂತೆ ಇನ್ನೊಂದು ಜೊತೆ ಬ್ಲೇಡ್ ಇಟ್ಟುಕೊಂಡರೆ ನಡೆಯುತ್ತದೆ. ಹಳೆಯ ಯಂತ್ರ ಕೊಳ್ಳುವವರು ಚೌಕಾಕಾರದ ಕಟರ್ ಬ್ಲಾಕ್ ಇದ್ದರೆ ಖಂಡಿತ ಕೊಳ್ಳಬಾರದು. ದುಂಡನೆಯ ಬ್ಲಾಕ್‌ಗಿಂತ ಅದರಲ್ಲಿ ಬೆರಳು ಹೆಚ್ಚು ಆಳಕ್ಕೆ ಸಿಲುಕುತ್ತದೆ.

ಮೂರು ಎಚ್‌ಪಿ ಮೋಟರ್ ಎಂದರೆ ಸುಮಾರು 2.2 ಕಿಲೋವ್ಯಾಟ್. ಸಿಂಗಲ್ ಫೇಸ್‌ನಲ್ಲಿ ಅದು ಶುರುವಾಗುವಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಹಾಗಾಗಿ ಪ್ರತ್ಯೇಕ ಲೈನ್, ಸರಿಯಾದ ಎಂಸಿಬಿ ಮತ್ತು ಅರ್ಥಿಂಗ್ ಬೇಕೇ ಬೇಕು. ವಿದ್ಯುತ್ ಸರಬರಾಜು ಕಂಪನಿಯಾದ ಸೆಸ್ಕ್‌ನಿಂದ ಮಂಜೂರಾದ ಲೋಡ್ ಎಷ್ಟೆಂದು ಯಂತ್ರ ಗೊತ್ತುಮಾಡುವ ಮೊದಲೇ ನೋಡಿಕೊಳ್ಳಿ.

ಹೊಟ್ಟು ಎಳೆಯುವ ಬ್ಲೋವರ್ ಆಮೇಲೆ ನೋಡೋಣ ಎಂದು ಮುಂದೂಡುವ ವಸ್ತುವಲ್ಲ. ಎಳೆತವಿಲ್ಲದಿದ್ದರೆ ಚೂರುಗಳು ರೋಲರ್‌ಗೆ ಸಿಕ್ಕಿ ಆಗಷ್ಟೇ ನಯವಾದ ಮುಖದ ಮೇಲೆ ಗುಳಿ ಬೀಳಿಸುತ್ತವೆ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಸೇರಿಸಿದೆ. ಬ್ಲೋವರ್ ಇದ್ದರೂ ಮಾಸ್ಕ್ ಧರಿಸಿ.

ಕೆಲಸದ ಕ್ರಮವನ್ನೂ ಇಲ್ಲೇ ಹೇಳಬೇಕು. ಬಹುತೇಕ ಜೋಡಿ ಯಂತ್ರಗಳಲ್ಲಿ ಮೇಲಿನ ಕೆಲಸಕ್ಕೆ ಬದಲಿಸುವಾಗ ಕೆಳಗೆ ಹಲಗೆ ಹಾಯುವ ಹಾಸನ್ನು ಇಳಿಸಬೇಕಾಗುವುದರಿಂದ, ಇಟ್ಟಿದ್ದ ದಪ್ಪದ ಅಳತೆ ತಪ್ಪಿಹೋಗುತ್ತದೆ. ಆದ್ದರಿಂದ ಎಲ್ಲ ಹಲಗೆಗಳ ಮುಖ ಮತ್ತು ಅಂಚನ್ನು ಮೊದಲು ಮುಗಿಸಿ, ಯಂತ್ರವನ್ನು ಒಮ್ಮೆ ಮಾತ್ರ ಬದಲಿಸಿ, ಎಲ್ಲವನ್ನೂ ಒಂದೇ ಅಳತೆಯಲ್ಲಿ ಕೆಳಗೆ ಹಾಯಿಸಿ. ಒಂದಡಿಗಿಂತ ಗಿಡ್ಡ ತುಂಡನ್ನು ಜಾಯಿಂಟರ್ ಮೇಲೆ ಇಡಬೇಡಿ, ಕೈಗೆ ಗ್ಲೌಸ್ ಹಾಕಬೇಡಿ, ತಳ್ಳಲು ಮರದ ಹಿಡಿಯನ್ನೇ ಬಳಸಿ.

ಯಂತ್ರ ಶೆಡ್‌ಗೆ ಬಂದ ದಿನ, ಲಾರಿಯ ಕುಲುಕಾಟದಲ್ಲಿ ಟೇಬಲ್‌ಗಳು ಸರಿದಿರುವ ಸಾಧ್ಯತೆ ಇರುತ್ತದೆ. ಅಂಗಡಿಯಲ್ಲಿ ಮಾಡಿದ ಸ್ಟ್ರೈಟ್ ಎಡ್ಜ್ ಪರೀಕ್ಷೆಯನ್ನು ಇಳಿಸಿದ ಜಾಗದಲ್ಲೇ ಮತ್ತೊಮ್ಮೆ ಮಾಡಿ, ಹೊಂದಿಸಿಕೊಡುವವರು ಎದುರಿಗಿರುವಾಗಲೇ ಸರಿಪಡಿಸಿಕೊಂಡು, ಬಾಕಿ ಹಣವನ್ನು ಅನಂತರ ಕೊಡಿ.